ಜರ್ಮನ್ ಕಸ್ಟಮರ್ ಮುಖಕ್ಕೆ ಹೊಡೆದಂಗೆ ಮೇಲ್ ಬರೆದಿದಾರೆ, ಮುಂದಿನ ತಿಂಗಳು ಜಪಾನಿನವರು ಬೇರೆ ಬರ್ತಿದಾರೆ. ಅನುಭವ ಇರೋರು ಹೇಳಿ

ಪೀಣ್ಯ_2ನೇ_ಹಂತ
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ. ಪೀಣ್ಯದಲ್ಲಿ ಒಂದು ಸಣ್ಣ ಮಷೀನ್ ಶಾಪಲ್ಲಿ ಇದೀನಿ, ಒಟ್ಟು 40 ಜನ. ಮೊದಲೆಲ್ಲ ಲೋಕಲ್ ಜಾಬ್ ವರ್ಕೇ, ಎರಡು ವರ್ಷದಿಂದ ಒಬ್ಬ ಜರ್ಮನ್ ಕಸ್ಟಮರ್ ಸಿಕ್ಕಿದಾರೆ, ಪಂಪಿಗೆ ಹಾಕೋ ಫ್ಲೇಂಜ್ ಮಾಡಿ ಕಳಿಸ್ತೀವಿ. ಇಮೇಲು, ಫೋನ್ ಕಾಲು ಎಲ್ಲ ನನ್ನ ತಲೆಗೇ, ಯಾಕಂದ್ರೆ ಇಂಗ್ಲಿಷಲ್ಲಿ ನಾಲ್ಕು ಸಾಲು ನೆಟ್ಟಗೆ ಬರೆಯೋನು ನಾನೊಬ್ಬನೇ ಇರೋದು.

ಆಗಿದ್ದೇನಂದ್ರೆ, ಹೋದ ತಿಂಗಳು ವಿಡಿಯೋ ಕಾಲಲ್ಲಿ ಆ ಕಡೆ ಪರ್ಚೇಸ್ ಮೇಡಂ 600 ಪೀಸು 20ನೇ ತಾರೀಕಿಗೆ ಡಿಸ್ಪ್ಯಾಚ್ ಆಗುತ್ತಾ ಅಂತ ಕೇಳಿದ್ರು. ನಮ್ಮ ಓನರ್ ತಲೆ ಆ ಕಡೆ ಈ ಕಡೆ ಆಡಿಸಿ, 'ನೋ ಪ್ರಾಬ್ಲಂ, ವಿ ವಿಲ್ ಟ್ರೈ ಅವರ್ ಲೆವೆಲ್ ಬೆಸ್ಟ್' ಅಂದ್ರು. ಈ ಕಡೆ ಕೂತಿದ್ದ ನಮಗೆಲ್ಲ ಅರ್ಥ ಆಯ್ತು, ಇದು ಆಗೋ ಮಾತಲ್ಲ ಅಂತ. ಆಯಮ್ಮ ಮಾತ್ರ 'ಓಕೆ, 20' ಅಂತ ಬರ್ಕೊಂಡ್ರು. ಮಾಲು ಹೋಗಿದ್ದು ಈ ತಿಂಗಳು 11ಕ್ಕೆ.

ಅದಕ್ಕೆ ಬಂದ ಮೇಲು ಬರೀ ಐದು ಸಾಲು. ಹೇಗಿದೀರ, ಚೆನ್ನಾಗಿದೀರಾ, ಏನೂ ಇಲ್ಲ. 20 ಅಂತ ಒಪ್ಪಿದ್ರಿ, ಮಾಲು ಬರಲಿಲ್ಲ, ಕಾರಣ ಬರೆದು ಕೊಡಿ, ಮುಂದೆ ಹಿಂಗಾಗದೆ ಇರೋಕೆ ಏನ್ ಮಾಡ್ತೀರ ಅದನ್ನೂ ಬರೀರಿ. ಸಿಸಿಯಲ್ಲಿ, ಅಂದ್ರೆ ಮೇಲ್ ಪ್ರತಿ ಹೋದವರು, ಒಂಬತ್ತು ಜನ! ನಮ್ಮ ಓನರ್‌ಗೆ 62 ವರ್ಷ, ಊರಲ್ಲಿ ಅವರ ಎದುರು ಯಾರೂ ಕುರ್ಚಿ ಮೇಲೆ ಕೂರಲ್ಲ. ಮೇಲ್ ಪ್ರಿಂಟ್ ತೆಗೆಸಿ ಓದಿ, ಕನ್ನಡಕ ತೆಗೆದಿಟ್ಟು, 'ಇವರಿಗೆ ಮಾಲು ಬೇಕೋ ಮರ್ಯಾದೆ ತೆಗೀಬೇಕೋ ಕೇಳು' ಅಂದ್ರು. ಎರಡು ದಿನ ಆಯ್ತು, ಉತ್ತರ ಬರೆಯೋಕೆ ಬಿಡ್ತಿಲ್ಲ. ಇದರ ಮಧ್ಯೆ ಮುಂದಿನ ತಿಂಗಳು ಜಪಾನಿಂದ ನಾಲ್ಕು ಜನ ಶಾಪ್ ನೋಡೋಕೆ ಬರ್ತಿದಾರೆ. ಇವರ ಮಧ್ಯ ನಾನು ಏನ್ ಮಾಡ್ಲಿ?

ಸುಮ್ನೆ_ಓದೋನು
ಮೊದಲು ಆ ಮೇಲ್‌ಗೆ ಉತ್ತರ ಹಾಕು ಗುರು. ಎರಡು ದಿನ ಸುಮ್ಮನಿರೋದು ಇನ್ನೂ ದೊಡ್ಡ ತಪ್ಪು.

ಸ್ಟುಟ್‌ಗಾರ್ಟ್_ಶಾಮ
ಹನ್ನೊಂದು ವರ್ಷದಿಂದ ಜರ್ಮನಿಯಲ್ಲೇ ಇದೀನಿ, ಹೇಳ್ತೀನಿ ಕೇಳಿ. ಅದು ಬೈಗುಳ ಅಲ್ವೇ ಅಲ್ಲ! ಅವರು ಕೇಳ್ತಿರೋದು ಹೆಚ್ಚುಕಮ್ಮಿ 8ಡಿ ರಿಪೋರ್ಟ್ ಥರದ್ದು. ಏನಾಯ್ತು, ಯಾಕಾಯ್ತು, ತಕ್ಷಣಕ್ಕೆ ಏನ್ ಮಾಡಿದ್ರಿ, ಇನ್ಮುಂದೆ ಏನು, ಅಷ್ಟೇ. ಸಿಸಿಯಲ್ಲಿ ಒಂಬತ್ತು ಜನ ಇರೋದು ನಿಮ್ಮ ಮಾನ ಕಳೆಯೋಕಲ್ಲ, ಅವರ ಕ್ವಾಲಿಟಿ, ಪ್ಲಾನಿಂಗ್, ಸ್ಟೋರ್ಸ್‌ನವರಿಗೆಲ್ಲ ಗೊತ್ತಾಗ್ಲಿ ಅಂತ. ಇಲ್ಲಿ ಕೆಲಸ ಬೈದ್ರೆ ಕೆಲಸವನ್ನಷ್ಟೇ ಬೈದಂಗೆ, ಮನುಷ್ಯನನ್ನಲ್ಲ. ನನ್ನ ಮೊದಲನೇ ವರ್ಷ ಒಬ್ಬ ಸಹೋದ್ಯೋಗಿ ಮೀಟಿಂಗಲ್ಲಿ ಎಲ್ಲರ ಮುಂದೆ ನನ್ನ ಡ್ರಾಯಿಂಗ್ ಎತ್ತಿ ಹಿಡಿದು 'ಇದು ತಪ್ಪು' ಅಂದ. ನಾನು ಆವತ್ತು ರಾತ್ರಿ ಊಟ ಮಾಡ್ಲಿಲ್ಲ. ಅವನು ಮಾರನೇ ದಿನ ಏನೂ ಆಗೇ ಇಲ್ವೇನೋ ಅನ್ನೋ ಹಾಗೆ ಕೇಕ್ ತಂದು ಕೊಟ್ಟ, ಅವನ ಹುಟ್ಟುಹಬ್ಬ ಅಂತೆ. ಇಲ್ಲಿ ಹುಟ್ಟುಹಬ್ಬ ಯಾರದೋ ಅವರೇ ಕೇಕ್ ತರ್ಬೇಕು.

ಇನ್ನೊಂದು ವಿಷಯ ನಮ್ಮವರಿಗೆ ಗೊತ್ತಾಗಲ್ಲ. ಜರ್ಮನ್ನಲ್ಲಿ ನಮ್ಮ 'ನೀನು', 'ನೀವು' ಥರಾನೇ 'ಡು', 'ಝೀ' ಅಂತ ಇದೆ. ಹೊಸಬರಿಗೆಲ್ಲ 'ಝೀ'ನೇ, ಹಿರಿಯರು ತಾವಾಗಿ 'ಡು' ಅನ್ನು ಅನ್ನೋವರೆಗೂ ಕಿರಿಯರು ಬಾಯಿ ಬಿಡಲ್ಲ. ಮೇಲಲ್ಲೂ 'ಮಾನ್ಯರೇ' ಅನ್ನೋ ಥರ ಶುರು ಮಾಡ್ತಾರೆ. ಅದೇ ಮೇಡಂ ಇಂಗ್ಲಿಷಲ್ಲಿ ಬರೆದಾಗ ಆ ಮರ್ಯಾದೆ ಎಲ್ಲ ಸೋರಿ ಹೋಗುತ್ತೆ, ಯಾಕಂದ್ರೆ ಇಂಗ್ಲಿಷಲ್ಲಿ ಇರೋದು ಒಂದೇ 'ಯೂ'. ಅವರಿಗೂ ಅದು ಎರಡನೇ ಭಾಷೆ, ನಿಮಗೂ ಎರಡನೇ ಭಾಷೆ. ಇಬ್ಬರೂ ಬಾಡಿಗೆ ಮನೇಲಿ ಕೂತು ಜಗಳ ಆಡಿದಂಗೆ.

ಮಂಡ್ಯ_ಕಬ್ಬು
ಶಾಮಣ್ಣ ಸರಿಯಾಗ್ ಹೇಳಿದ್ರು. ಅಂದ್ರೆ ಜರ್ಮನಿಯೋರು ನಮ್ ಮಂಡ್ಯದೋರ್ ಥರ ಅನ್ನಿ. ಮುಖದ್ ಮ್ಯಾಲೆ ಬೈತೀವಿ, ಅರ್ಧ ಗಂಟೆಗೆ ಒಟ್ಗೆ ಕೂತು ಟೀ ಕುಡೀತೀವಿ.

ಕುಡ್ಲ_ಮೀನ್_ಗಸಿ
ನಿಮ್ಮ ಓನರ್ ಹೇಳಿದ್ದು 'ಟ್ರೈ ಮಾಡ್ತೇವೆ' ಅಂತ ಅಲ್ವಾ ಮಾರಾಯ್ರೆ, ಅದು ನಮಗೆ 'ಇಲ್ಲ' ಅಂತಲೇ ಲೆಕ್ಕ. ನಮ್ಮ ಊರಲ್ಲಿ ಕೂಡ ಹಾಗೇ, ಮದುವೆಗೆ ಕರೆದರೆ 'ನೋಡುವ' ಅಂತ ಹೇಳಿದ್ರೆ ಆ ಎಲೆ ಹಾಕುವುದು ಬೇಡ ಅಂತ ಅರ್ಥ. ಅವಳಿಗೆ ಪಾಪ ಅದು ಹೇಗೆ ಗೊತ್ತಾಗ್ಬೇಕು?

ಪೀಣ್ಯ_2ನೇ_ಹಂತ
ಹೌದಲ್ವಾ ಅಕ್ಕಾ. 'ನೋಡೋಣ', 'ಮಾಡೋಣ ಬಿಡಿ', 'ಪ್ರಯತ್ನ ಮಾಡ್ತೀವಿ', ಮೂರೂ ನಮ್ಮಲ್ಲಿ ಇಲ್ಲ ಅನ್ನೋದಕ್ಕೆ ಮರ್ಯಾದಸ್ಥ ರೂಪ. ಇಂಗ್ಲಿಷಿಗೆ ಹೋದ್ ತಕ್ಷಣ ಮೂರೂ 'ಯೆಸ್' ಆಗಿ ಕೂತ್ಕೊಳುತ್ತೆ.

ಮೇಷ್ಟ್ರು_ಮೈಸೂರು
ಎಂಬಿಎ ಮಕ್ಕಳಿಗೆ ಇದೇ ಪಾಠ ಮಾಡೋನು ನಾನು, ಹಾಗಾಗಿ ಮೂಗು ತೂರಿಸ್ತೀನಿ. ಎಡ್ವರ್ಡ್ ಹಾಲ್ ಅನ್ನೋ ಅಮೆರಿಕದ ಮಾನವಶಾಸ್ತ್ರಜ್ಞ ಇದನ್ನ 1970ರ ದಶಕದಲ್ಲೇ ಹೈ ಕಾಂಟೆಕ್ಸ್ಟ್, ಲೋ ಕಾಂಟೆಕ್ಸ್ಟ್ ಅಂತ ವಿಂಗಡಿಸಿದ. ಕೆಲವು ಕಡೆ ಮಾತಿನ ಅರ್ಥ ಮಾತಲ್ಲೇ ಇರುತ್ತೆ. ಕೆಲವು ಕಡೆ ಅರ್ಧ ಮಾತಲ್ಲಿ, ಇನ್ನರ್ಧ ಯಾರು ಹೇಳಿದ್ರು, ಯಾವಾಗ, ಹೇಳುವಾಗ ಮುಖ ಹೇಗಿತ್ತು ಅನ್ನೋದ್ರಲ್ಲಿ. ಜಪಾನು, ನಾವು ಎರಡನೇ ಕಡೆ. ಜರ್ಮನಿ ಮೊದಲನೇ ಕಡೆ.

ಆಮೇಲೆ ಹಾಲೆಂಡಿನ ಸಂಶೋಧಕ ಗೀರ್ಟ್ ಹಾಫ್‌ಸ್ಟೀಡ್ ಲೆಕ್ಕ ಇದೆ. ಮೇಲಿನವರ ಅಧಿಕಾರವನ್ನ ಕೆಳಗಿನವರು ಎಷ್ಟು ಸಹಜ ಅಂತ ಒಪ್ಕೋತಾರೆ ಅನ್ನೋದಕ್ಕೆ ಒಂದು ಸೂಚ್ಯಂಕ: ಭಾರತಕ್ಕೆ 77, ಜಪಾನಿಗೆ 54, ಜರ್ಮನಿಗೆ 35. ನಿಮ್ಮ ಓನರ್ ಎದುರು ಯಾರೂ ಕುರ್ಚಿ ಮೇಲೆ ಕೂರಲ್ಲ ಅಂದ್ರಲ್ಲ, 77 ಅಂದ್ರೆ ಅದೇ. ಗೊತ್ತಿಲ್ಲದ್ದು, ಖಚಿತ ಇಲ್ಲದ್ದನ್ನ ಎಷ್ಟು ಸಹಿಸಲ್ಲ ಅನ್ನೋದರಲ್ಲಿ ಜಪಾನ್ 92, ಜರ್ಮನಿ 65, ನಾವು 40. '20ಕ್ಕೆ ಆಗಬಹುದು' ಅನ್ನೋ ಮಾತನ್ನ ನಾವು ನೆಮ್ಮದಿಯಾಗಿ ಹೊದ್ದುಕೊಂಡು ಮಲಗ್ತೀವಿ, ಅವರಿಗೆ ನಿದ್ದೆ ಬರಲ್ಲ.

ಫಿಲ್ಟರ್_ಕಾಫಿ
ಮೇಷ್ಟ್ರೇ, ಆ ಲೆಕ್ಕ ತೆಗೆದಿದ್ದು ಐಬಿಎಂ ನೌಕರರನ್ನ ಕೇಳಿ ಅಲ್ವಾ, ಅದೂ 1967ರಿಂದ 73ರ ಆಸುಪಾಸಲ್ಲಿ? ಆಗ ಐಬಿಎಂನಲ್ಲಿ ಕೆಲಸ ಮಾಡ್ತಿದ್ದವರು ಪೀಣ್ಯದ ಓನರನ್ನ ಪ್ರತಿನಿಧಿಸ್ತಾರಾ? ಒಂದು ಕಂಪನಿ ನೌಕರರಿಂದ ಇಡೀ ದೇಶದ ಜಾತಕ ಬರೆಯೋದು ನನಗಂತೂ ಒಪ್ಪಿಗೆ ಇಲ್ಲ. ಭಾರತಕ್ಕೆ 77 ಅಂದ್ರೆ ಪಂಜಾಬಿಗೂ 77, ಕೊಡಗಿಗೂ 77 ಅಂತಾನಾ?

ಮೇಷ್ಟ್ರು_ಮೈಸೂರು
ಆ ಟೀಕೆ ಇದ್ದೇ ಇದೆ ಸ್ವಾಮಿ, ಬ್ರೆಂಡನ್ ಮ್ಯಾಕ್‌ಸ್ವೀನಿ ಅನ್ನೋ ವಿದ್ವಾಂಸ 2002ರಲ್ಲಿ ಇದನ್ನೇ ಹಿಡಿದು ಜಾಡಿಸಿದ. ಒಂದೇ ಕಂಪನಿಯವರನ್ನ ತಗೊಂಡ್ರೆ ಕೆಲಸ, ಟ್ರೇನಿಂಗು ಎಲ್ಲ ಒಂದೇ ಥರ ಇರುತ್ತೆ, ಉಳಿಯೋ ವ್ಯತ್ಯಾಸ ದೇಶದ್ದೇ ಅನ್ನೋದು ಹಾಫ್‌ಸ್ಟೀಡ್ ಕಡೆಯ ವಾದ. ನಾನೂ ಕ್ಲಾಸಲ್ಲಿ ಹೇಳೋದು, ಇದು ಹವಾಮಾನದ ಸರಾಸರಿ ಇದ್ದಂಗೆ, ಇವತ್ತು ಕೊಡೆ ತಗೊಂಡು ಹೋಗ್ಬೇಕಾ ಅಂತ ಹೇಳಲ್ಲ.

ಹುಬ್ಬಳ್ಳಿ_ಮಿರ್ಚಿ
ಏನ್ ಸೂಚ್ಯಂಕನೋ ಏನೋ ಬಿಡ್ರಿ. ನಾ ಬೆಂಗಳೂರಿಗೆ ಬಂದ ಹೊಸದಾಗ ನಮ್ಮ ಟೀಮ್ ಲೀಡ್‌ಗೆ 'ನೀ ಬಾ' ಅಂದೆ, ಮೂರು ದಿವಸ ಮಾರಿ ಕೊಟ್ಟು ಮಾತಾಡ್ಲಿಲ್ಲ ಆ ಮನುಷ್ಯ. ಒಂದ ರಾಜ್ಯದಾಗ, ಒಂದ ಭಾಷಾದಾಗ ಇಷ್ಟು ಫರಕ್ ಐತಿ, ಮತ್ತ ಜರ್ಮನಿ ಅಂತೀರಿ.

ಕುಡ್ಲ_ಮೀನ್_ಗಸಿ
ನಮಗೆ ಉಲ್ಟಾ. 'ಬನ್ನಿ ಹೋಗಿ' ಅಂತ ಮಾತಾಡಿ ಪುಸ್ತಕದ ಕನ್ನಡ ಅಂತ ನಗಾಡಿಸ್ಕೊಂಡದ್ದು ಉಂಟು.

ಕೋರಮಂಗಲ_ಕೊನೇಕ್ರಾಸ್
ಮಾರ್ಕೆಟಿಂಗ್ ಕಡೆ ಒಂದು ಸಖತ್ ಉದಾಹರಣೆ ಇದೆ. ಷೆವರ್ಲೆ ನೋವಾ ಅಂತ ಕಾರು ಸ್ಪ್ಯಾನಿಷ್ ದೇಶಗಳಲ್ಲಿ ಬಿಟ್ರು, 'ನೋ ವಾ' ಅಂದ್ರೆ ಅವರ ಭಾಷೇಲಿ 'ಹೋಗಲ್ಲ' ಅಂತ, ಒಂದೂ ಮಾರಾಟ ಆಗ್ಲಿಲ್ಲ!!

ಫಿಲ್ಟರ್_ಕಾಫಿ
ಗುರು, ಅದು ಕಟ್ಟುಕಥೆ. ನೋವಾ ಮೆಕ್ಸಿಕೋ, ವೆನೆಜುವೆಲಾದಲ್ಲಿ ಚೆನ್ನಾಗೇ ಓಡ್ತು. ಅಲ್ಲಿಯವರಿಗೆ 'ನೋವಾ' ಒಂದೇ ಪದ, ಒತ್ತು ಮೊದಲ ಅಕ್ಷರದ ಮೇಲೆ. ನಾವು ಅಂಗಡೀಲಿ 'ಮಾಜಾ' ಕುಡಿಯುವಾಗ ಮಾಜಿ ಮಂತ್ರಿ ನೆನಪಾಗ್ತಾರಾ? ನಿಜವಾದ ಉದಾಹರಣೆ ಬೇಕಾ, ಮಿತ್ಸುಬಿಷಿ ಪಜೆರೋ ತಗೋ. ಸ್ಪ್ಯಾನಿಷಲ್ಲಿ ಅದು ಕೆಟ್ಟ ಬೈಗುಳ, ಅದಕ್ಕೆ ಆ ದೇಶಗಳಲ್ಲಿ ಮೊಂಟೆರೊ ಅಂತ ಹೆಸರು ಬದಲಾಯಿಸಿ ಮಾರಿದ್ರು.

ಕೋರಮಂಗಲ_ಕೊನೇಕ್ರಾಸ್
ಕಾಲೇಜಲ್ಲಿ ಅದನ್ನೇ ಬರೆದು ಮಾರ್ಕ್ಸ್ ತಗೊಂಡಿದ್ದೆ ನಾನು. ವಾಪಸ್ ಕೊಡ್ಬೇಕಾ ಈಗ?

ಮಂಡ್ಯ_ಕಬ್ಬು
ಆ ಬೈಗುಳ ಏನಂತ ಹೇಳಿ ಪುಣ್ಯ ಕಟ್ಕೊಳಿ

ನಿರ್ವಾಹಕ
ಬೇಡ.

ಜಯನಗರ_4ನೇ_ಬ್ಲಾಕ್
ಕೆಲಾಗ್ಸ್ ಕಥೆ ಮರೆತ್ರಾ? 1994ರಲ್ಲಿ ನಮ್ಮ ದೇಶಕ್ಕೆ ಬಂತು. ಗರಿಗರಿ ಕಾರ್ನ್‌ಫ್ಲೇಕ್ಸ್, ತಣ್ಣನೆ ಹಾಲು ಹಾಕ್ಕೊಂಡು ತಿನ್ನಿ ಅಂತ. ನಮ್ಮಮ್ಮ ಫ್ರಿಜ್ಜಿಂದ ತೆಗೆದ ಹಾಲು ಮಗುಗೆ ಕೊಡ್ತಾಳಾ? ಕುದಿಸಿ, ಕೆನೆ ಸರಿಸಿ, ಬಿಸಿ ಬಿಸಿ ಹಾಲು ಹುಯ್ದು ಕೊಟ್ಲು, ಸ್ಪೂನ್ ಹಾಕೋ ಅಷ್ಟೊತ್ತಿಗೆ ಗಂಜಿ. ತಣ್ಣನೆ ಹಾಲಲ್ಲೇ ತಿನ್ನೋಣ ಅಂದ್ರೆ ಮೇಲೆ ಹಾಕಿದ ಸಕ್ಕರೆ ಕರಗ್ತಾನೂ ಇರ್ಲಿಲ್ಲ. ಆ ಡಬ್ಬ ನಮ್ಮನೇಲಿ ಮೂರು ತಿಂಗಳು ಇತ್ತು, ಕೊನೆಗೆ ಒಗ್ಗರಣೆ ಹಾಕಿ ಚೂಡಾ ಮಾಡಿದ್ಲು ನೋಡಿ, ಒಂದೇ ಸಾಯಂಕಾಲಕ್ಕೆ ಖಾಲಿ.

ದಾವಣಗೆರೆ_ಬೆಣ್ಣೆ
ಒಗ್ಗರಣೆ ಹಾಕಿದ್ರೆ ಯಾವ ಬಹುರಾಷ್ಟ್ರೀಯ ಕಂಪನಿನಾದ್ರೂ ತಿನ್ನಬಹುದು

ಹಳೇ_ಬೆಂಗಳೂರು
ತಿಂಡಿ ವಿಷಯ ಬಂತಲ್ಲ, ನಾನು ಸ್ವಲ್ಪ ಹಳಬ. 1995ರ ಜೂನಲ್ಲಿ ಬ್ರಿಗೇಡ್ ರೋಡಲ್ಲಿ ಕೆಎಫ್‌ಸಿ ಬಾಗಿಲು ತೆಗೀತು, ಭಾರತದಲ್ಲೇ ಮೊದಲನೇದು. ಕೆಲವೇ ತಿಂಗಳಲ್ಲಿ ಪಾಲಿಕೆ ಲೈಸೆನ್ಸ್ ರದ್ದು ಮಾಡ್ತು, ಮಸಾಲೆಯಲ್ಲಿ ಅಜಿನೊಮೊಟೊ ಮಿತಿ ಮೀರಿದೆ ಅಂತ. ಅದು ಕೋರ್ಟಿಗೆ ಹೋಗಿ ಮತ್ತೆ ತೆರೀತು. 1996ರ ಜನವರಿಯಲ್ಲಿ ರೈತ ಸಂಘದವರು ಒಳಗೆ ನುಗ್ಗಿದ್ರು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕಾಲ ಅದು. ಅದಕ್ಕೂ ಮುಂಚೆ 1992ರಲ್ಲಿ ಅಮೆರಿಕದ ಬೀಜ ಕಂಪನಿ ಕಾರ್ಗಿಲ್ ಸೀಡ್ಸ್ ಆಫೀಸಿನ ಕಾಗದ ಪತ್ರ ರಸ್ತೆಗೆ ಸುರಿದಿದ್ರು.

ಇದನ್ನ ಯಾಕೆ ಹೇಳ್ದೆ ಅಂದ್ರೆ, ಮಾರ್ಕೆಟಿಂಗ್ ಪುಸ್ತಕಗಳಲ್ಲಿ ಸಂಸ್ಕೃತಿ ಅಂದ್ರೆ ಖಾರ ಎಷ್ಟು ಹಾಕ್ಬೇಕು, ಯಾವ ಬಣ್ಣ ಅಪಶಕುನ, ಇಷ್ಟೇ. ಆ ಕೋಳಿಗೆ ಖಾರ ಕಮ್ಮಿ ಇತ್ತು ಅಂತ ರೈತರು ಬಂದಿರ್ಲಿಲ್ಲ. ಜೋಳ, ರಾಗಿ ಬೆಳೆಯೋ ನೆಲದಲ್ಲಿ ಕೋಳಿ ಮೇವಿಗೆ ಬೆಳೆ ಹಾಕಿಸ್ತಾರೆ, ಬೀಜ ಕಂಪನಿ ಕೈಗೆ ಹೋಗುತ್ತೆ ಅನ್ನೋ ಸಿಟ್ಟು ಅದು. ಆ ಸಿಟ್ಟು ಸರಿಯೋ ತಪ್ಪೋ ಬೇರೆ ಮಾತು, ಯಾವ ಸರ್ವೆಯಲ್ಲೂ ಅದು ಬರಲ್ಲ.

ಜಯನಗರ_4ನೇ_ಬ್ಲಾಕ್
ಮರು ವರ್ಷ ಅಂದ್ರೆ 1996ರಲ್ಲಿ ಮೆಕ್‌ಡೊನಾಲ್ಡ್ಸ್ ದೆಹಲಿಯಲ್ಲಿ ಶುರುವಾದಾಗ ಎಷ್ಟು ಹುಷಾರಾಗಿ ಬಂದ್ರು ನೋಡಿ ಸರ್. ದನದ ಮಾಂಸ ಇಲ್ಲ, ವೆಜ್ಜಿಗೆ ಅಡುಗೆ ಜಾಗ ಬೇರೆ, ಮೊಟ್ಟೆ ಇಲ್ಲದ ಮಯೋನೀಸು. ಆಮೇಲೆ ಆಲೂ ಟಿಕ್ಕಿ. ನನ್ನ ಪ್ರಕಾರ ಅದು ಬನ್ನಿನೊಳಗೆ ಬೋಂಡಾ ಅಷ್ಟೇ, ಆದ್ರೆ ಓಡ್ತು.

ದಾವಣಗೆರೆ_ಬೆಣ್ಣೆ
ಉಲ್ಟಾ ದಿಕ್ಕಿನದ್ದೂ ಇದೆ. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್‌ಲೆಂಡ್ ಆಟಗಾರರ ಜೆರ್ಸಿ ಮೇಲೆ ಕನ್ನಡ ಅಕ್ಷರದಲ್ಲಿ 'ನಂದಿನಿ' ಅಂತ ಇತ್ತಲ್ಲ. ಅವರಲ್ಲಿ ಒಬ್ಬನಿಗಾದ್ರೂ ಓದೋಕೆ ಬಂತಾ ಗೊತ್ತಿಲ್ಲ, ನಮ್ಮ ತಂದೆ ಮಾತ್ರ ಟಿವಿ ಎದುರು ಎದ್ದು ನಿಂತ್ರು.

ಹುಬ್ಬಳ್ಳಿ_ಮಿರ್ಚಿ
ಅದು ಸ್ಕಾಟ್‌ಲೆಂಡಿಗೆ ಅಲ್ರೀ, ನಮಗ ಮಾಡಿದ ಜಾಹೀರಾತು. ಖರೇ ಶಾಣ್ಯಾತನ ಅದು.

ಕೋರಮಂಗಲ_ಕೊನೇಕ್ರಾಸ್
ಎಂಟಿಆರ್ ಕೂಡ ನಾರ್ವೆಯವರದ್ದು ಗೊತ್ತಾ, ಓರ್ಕ್ಲಾ ಅಂತ, 2007ರಲ್ಲಿ ತಗೊಂಡ್ರು ಎಂಟಿಆರ್ ಫುಡ್ಸನ್ನ. ಹೋಟೆಲ್ ಬೇರೆ, ಅದು ಮನೆಯವರದ್ದೇ.

ಜಯನಗರ_4ನೇ_ಬ್ಲಾಕ್
ಗೊತ್ತು. ನಮ್ಮನೇಲಿ ಸಾರಿನ ಪುಡಿ ರುಚಿ ಬದಲಾಯ್ತು ಅಂತ ಅಜ್ಜಿ ಆಗಾಗ ಹೇಳೋರು. ಆದ್ರೆ ಅವರು ಇದನ್ನ 1985ರಿಂದ್ಲೇ ಹೇಳ್ತಿದ್ರಂತೆ.

ಬಿಡದಿ_ತಟ್ಟೆಇಡ್ಲಿ
ಎಲ್ಲರೂ ತಿನ್ನೋದ್ರಲ್ಲೇ ಇದೀರ, ಆ ಹುಡುಗ ಜಪಾನಿನವರು ಬರ್ತಾರೆ ಅಂತ ಕೇಳ್ತಿದಾನೆ. ನಾನು ಬಿಡದಿ ಕಡೆ ಒಂದು ಪ್ಲಾಂಟಲ್ಲಿ ಹದಿನೈದು ವರ್ಷ ಇದ್ದೆ, ಜಪಾನಿ ಟ್ರೇನರ್‌ಗಳ ಜೊತೆ ಲೈನಲ್ಲಿ. ಒಂದು ಘಟನೆ ಹೇಳ್ತೀನಿ.

ಲೈನ್ ಉದ್ದಕ್ಕೂ ತಲೆ ಮೇಲೆ ಒಂದು ಹಗ್ಗ ಇರುತ್ತೆ, ಆಂಡನ್ ಹಗ್ಗ ಅಂತಾರೆ. ಕೆಲಸದಲ್ಲಿ ಏನಾದ್ರೂ ತಪ್ಪು ಕಂಡ್ರೆ ಯಾರು ಬೇಕಾದ್ರೂ ಎಳೀಬಹುದು, ದೀಪ ಹತ್ತುತ್ತೆ, ಹಾಡು ಬರುತ್ತೆ, ಲೀಡರ್ ಓಡಿ ಬರ್ತಾನೆ, ಅಷ್ಟರಲ್ಲಿ ಸರಿ ಹೋಗ್ಲಿಲ್ಲ ಅಂದ್ರೆ ಲೈನೇ ನಿಲ್ಲುತ್ತೆ. ಮಾಗಡಿ ಕಡೆಯಿಂದ ಬಂದಿದ್ದ ಒಬ್ಬ ಹುಡುಗ, ಐಟಿಐ ಮುಗಿಸಿ ಹೊಸದಾಗಿ ಸೇರಿದ್ದ. ಬೋಲ್ಟ್ ಒಂದು ಅಡ್ಡ ಕಚ್ಕೊಂಡಿದೆ, ಅವನಿಗೆ ಕಾಣ್ತಿದೆ, ಹಗ್ಗ ಎಳೆಯೋಕೆ ಕೈ ಏಳ್ತಿಲ್ಲ. ಬೆವರು ಸುರೀತಿದೆ. ಹೆಂಗ್ ಎಳೀತಾನೆ? ಮನೇಲಿ ಅಪ್ಪನ ತಪ್ಪು ತೋರಿಸಿದ್ರೆ ಕಪಾಳಕ್ಕೆ ಬಿದ್ದಿರುತ್ತೆ, ಸ್ಕೂಲಲ್ಲಿ ಮೇಷ್ಟ್ರ ತಪ್ಪು ತೋರಿಸಿದ್ರೆ ಹೊರಗೆ ನಿಂತಿರ್ತಾನೆ, ಇಲ್ಲಿ ಅಷ್ಟು ದೊಡ್ಡ ಫ್ಯಾಕ್ಟರೀನ ನಿಲ್ಲಿಸು ಅಂತಾರೆ. ಕೊನೆಗೆ ಎಳೆದ. ಜಪಾನಿ ಮುದುಕ ಓಡಿ ಬಂದ, ಹುಡುಗ ಕಣ್ಣು ಮುಚ್ಕೊಂಡು ನಿಂತ. ಮುದುಕ ಬೋಲ್ಟ್ ನೋಡಿದ, ಇವನ ಕಡೆ ತಿರುಗಿ ತಲೆ ಬಗ್ಗಿಸಿ 'ಅರಿಗತೋ', ಅಂದ್ರೆ ಥ್ಯಾಂಕ್ಸ್, ಅಂದ. ಆ ಹುಡುಗ ಆಮೇಲೆ ಕ್ಯಾಂಟೀನಲ್ಲಿ ಎಲ್ಲರನ್ನೂ ಕೇಳ್ತಿದ್ದ, ಅದು ಬೈದಿದ್ದಾ, ಬೈದಿದ್ದಾ ಅಂತ.

ಮೇಷ್ಟ್ರು_ಮೈಸೂರು
ತಮ್ಮ ಅಪ್ಪಣೆ ಇದ್ರೆ ಈ ಕಥೆ ನನ್ನ ಕ್ಲಾಸಲ್ಲಿ ಹೇಳ್ತೀನಿ. 77 ಅನ್ನೋದಕ್ಕಿಂತ ಇದು ವಾಸಿ.

ಬಿಡದಿ_ತಟ್ಟೆಇಡ್ಲಿ
ಧಾರಾಳವಾಗಿ ಹೇಳಿ ಸರ್.

ನಗೋಯಾ_ಅಕ್ಕ
ಬಿಡದಿ ಅಣ್ಣ ಹೇಳಿದ್ದಕ್ಕೆ ಸೇರಿಸ್ತೀನಿ, ಆರು ವರ್ಷದಿಂದ ಜಪಾನಿನ ನಗೋಯಾದಲ್ಲಿ ಇದೀನಿ, ಅನುವಾದದ ಕೆಲಸ. ಪೀಣ್ಯ ತಮ್ಮಾ, ಎರಡು ಮೂರು ಮಾತು ಮನಸಲ್ಲಿ ಇಟ್ಕೋ.

ಅವರು ಮಾತಿಗೊಂದ್ಸಲ 'ಹಾಯ್, ಹಾಯ್' ಅಂತಾರೆ. ಪುಸ್ತಕದಲ್ಲಿ ಅದಕ್ಕೆ ಹೌದು ಅಂತ ಅರ್ಥ ಬರೆದಿರುತ್ತೆ, ಹಂಗಂತ ಒಪ್ಕೊಂಡ್ರು ಅಂದ್ಕೋಬೇಡ. ಅಜ್ಜಿ ಕಥೆ ಹೇಳುವಾಗ ನಾವು ಹೂಂ ಹೂಂ ಅಂತ ಹೂಂಗುಟ್ಟುತ್ತಿರಲಿಲ್ವಾ, ಅದು ಅಷ್ಟೇ. ಕೇಳಿಸ್ತು ಮುಂದೆ ಹೇಳು ಅಂತ. 'ಕೆಂತೋ ಶಿಮಾಸ್' ಅಂದ್ರೆ ಪರಿಶೀಲಿಸ್ತೀವಿ ಅಂತ, ಬಹಳ ಸಲ ಅದು ನಮ್ಮ 'ನೋಡೋಣ'ನೇ. 'ಮುಜುಕಾಶೀ', ಅಂದ್ರೆ ಕಷ್ಟ ಅಂತ ಹಲ್ಲು ಕಚ್ಚಿ ಉಸಿರು ಒಳಗೆಳ್ಕೊಂಡ್ರು ಅಂದ್ರೆ ಮುಗೀತು, ಆಗಲ್ಲ.

ವಿಸಿಟಿಂಗ್ ಕಾರ್ಡ್ ಎರಡು ಕೈಯಲ್ಲಿ ತಗೋ, ಓದು, ಮೀಟಿಂಗ್ ಮುಗಿಯೋವರೆಗೂ ಟೇಬಲ್ ಮೇಲೆ ಇಟ್ಟಿರು. ಅದರ ಮೇಲೆ ಪೆನ್ನಲ್ಲಿ ಗೀಚಬೇಡ, ಹಿಂದಿನ ಜೇಬಿಗೆ ತುರುಕಬೇಡ.

ಮುಖ್ಯವಾದ್ದು, ಮೀಟಿಂಗಲ್ಲೇ ನಿರ್ಧಾರ ಹೇಳಿ ಅಂತ ಒತ್ತಾಯ ಮಾಡಬೇಡ. ಅವರಲ್ಲಿ ನೆಮವಾಶಿ ಅಂತ ಇದೆ. ಮೂಲದಲ್ಲಿ ಅದು ತೋಟದ ಮಾತು, ಮರ ಕಿತ್ತು ಬೇರೆ ಕಡೆ ನೆಡೋಕೆ ಮುಂಚೆ ಬೇರಿನ ಸುತ್ತ ಬಿಡಿಸಿ ಹದ ಮಾಡೋದು. ಮೀಟಿಂಗಿಗೆ ಮುಂಚೆನೇ ಸಂಬಂಧಪಟ್ಟ ಒಬ್ಬೊಬ್ಬರನ್ನೇ ಕಂಡು ಒಪ್ಪಿಸಿರ್ತಾರೆ, ಮೀಟಿಂಗ್ ಬರೀ ಮುದ್ರೆ ಒತ್ತೋಕೆ.

ಮಂಡ್ಯ_ಕಬ್ಬು
ಅಕ್ಕೋ, ಇದು ನಮ್ ಮದುವೆ ಮಾತುಕತೆ. ನಿಶ್ಚಿತಾರ್ಥದ್ ದಿನ ಯಾರಾದ್ರೂ ಹೊಸದಾಗ್ ಒಪ್ತಾರಾ? ಸೋದರಮಾವ, ದೊಡ್ಡಪ್ಪ, ಊರ್ ಗೌಡ್ರು, ಎಲ್ಲಾರ್ ಮನೆಗೂ ಕಾಫಿಗ್ ಹೋಗಿ ಮುಗಿಸ್ಕೊಂಡೇ ತಟ್ಟೆ ಬದಲಾಯ್ಸೋದು.

ನಗೋಯಾ_ಅಕ್ಕ
ಅದೇ! ಹತ್ತು ಸಲ ವಿವರಿಸಿದ್ರೂ ಇಷ್ಟು ಚೆನ್ನಾಗಿ ಹೇಳೋಕೆ ಬಂದಿರ್ಲಿಲ್ಲ ನಂಗೆ.

ಲಾಲ್‌ಬಾಗ್_ನೇರಮಾತು
ಎಲ್ಲ ಓದಿದೆ. ಒಂದು ಒಗರು ಮಾತು ಹೇಳ್ತೀನಿ, ಬೇಜಾರಾಗ್ಬೇಡಿ. ಪೀಣ್ಯದವರೇ, 20ಕ್ಕೆ ಆಗಲ್ಲ ಅಂತ ನಿಮಗೆ ಖಚಿತವಾಗಿ ಯಾವತ್ತು ಗೊತ್ತಾಯ್ತು? ನಿಜ ಹೇಳಿ.

ಪೀಣ್ಯ_2ನೇ_ಹಂತ
...9ನೇ ತಾರೀಕು. ಪ್ಲೇಟಿಂಗಿಗೆ, ಅಂದ್ರೆ ಮೇಲೆ ಲೋಹದ ಲೇಪನ ಹಾಕ್ಸೋಕೆ, ಹೊರಗೆ ಕೊಟ್ಟಿದ್ವಲ್ಲ, ಅವರ ಟ್ಯಾಂಕ್ ಕೆಟ್ಟಿತ್ತು. ಓನರ್ ಹೇಳಿದ್ರು ಈಗ್ಲೇ ಯಾಕೆ ಹೇಳಿ ಗಾಬರಿ ಮಾಡ್ಬೇಕು, ನೋಡೋಣ ಅಂತ.

ಲಾಲ್‌ಬಾಗ್_ನೇರಮಾತು
ನೋಡಿದ್ರಾ. ಇದರಲ್ಲಿ ಹಾಲ್ ಎಲ್ಲಿ ಬಂದ, ಹಾಫ್‌ಸ್ಟೀಡ್ ಎಲ್ಲಿ ಬಂದ? ಹನ್ನೊಂದು ದಿನ ಕೈಯಲ್ಲಿತ್ತು, ಒಂದು ಮೇಲ್ ಹಾಕಿದ್ರೆ ಆಯಮ್ಮ ಅವರ ಲೈನ್ ಪ್ಲಾನ್ ಬದಲಾಯಿಸ್ಕೋತಿದ್ರು. ತಡ ಆಗಿದ್ದಕ್ಕಲ್ಲ, ಹೇಳದೇ ಇದ್ದಿದ್ದಕ್ಕೆ ಸಿಟ್ಟು. ಪ್ಲೇಟಿಂಗ್ ಟ್ಯಾಂಕ್ ಕೆಡೋದು ಭಾರತೀಯ ಸಂಸ್ಕೃತಿ ಅಲ್ಲ.

ಇಲ್ಲಿ ಯಾರೂ ಹೇಳದ, ಅಮೆರಿಕದ ವಾಲ್‌ಮಾರ್ಟ್ ಅಂಗಡಿಯವರ ಜರ್ಮನಿ ಕಥೆನೂ ಹಿಂಗೇ. 1997ರಲ್ಲಿ ಹೋಗಿ 21 ಅಂಗಡಿ ಕೊಂಡ್ರು, ಮರುವರ್ಷ ಇನ್ನೂ 74. 2006ರಲ್ಲಿ ಇದ್ದ 85 ಅಂಗಡೀನ ಮೆಟ್ರೋ ಅನ್ನೋ ಅಲ್ಲಿಯ ಕಂಪನಿಗೆ ಮಾರಿ ಗಂಟುಮೂಟೆ ಕಟ್ಟಿದ್ರು. ಎಲ್ಲ ಕಡೆ ಬರೆಯೋದು ಒಂದೇ, ಅಂಗಡಿ ನೌಕರರು ಬಾಗಿಲಲ್ಲಿ ನಿಂತು ಗಿರಾಕಿಗಳನ್ನ ನೋಡಿ ನಗೋದು ಜರ್ಮನ್ನರಿಗೆ ಹಿಡಿಸಲಿಲ್ಲ ಅಂತ. ನಕ್ಕಿದ್ದಕ್ಕೆ ಯಾರಾದ್ರೂ ದಿವಾಳಿ ಆಗ್ತಾರಾ? ಆಲ್ಡಿ, ಲಿಡ್ಲ್ ಅನ್ನೋ ಅಲ್ಲಿಯ ಅಂಗಡಿಯವರು ಆಗಲೇ ಮೂಲೆ ಮೂಲೇಲಿ ಅದಕ್ಕಿಂತ ಅಗ್ಗಕ್ಕೆ ಮಾರ್ತಿದ್ರು. ರಾತ್ರಿ, ಭಾನುವಾರ ಅಂಗಡಿ ತೆಗೆಯೋಕೆ ಕಾನೂನು ಬಿಡ್ತಿರಲಿಲ್ಲ. 2000ದಲ್ಲಿ ಅಲ್ಲಿಯ ಸ್ಪರ್ಧಾ ನಿಯಂತ್ರಣ ಇಲಾಖೆ, ಹಾಲು ಸಕ್ಕರೆ ಎಲ್ಲ ಕೊಂಡ ಬೆಲೆಗಿಂತ ಕಮ್ಮಿಗೆ ಮಾರಬೇಡಿ ಅಂತ ಕಿವಿ ಹಿಂಡ್ತು, ವಾಲ್‌ಮಾರ್ಟಿಗೂ, ಆಲ್ಡಿ ಲಿಡ್ಲ್‌ಗೂ.

ಸ್ಟುಟ್‌ಗಾರ್ಟ್_ಶಾಮ
ಅರ್ಧ ಒಪ್ತೀನಿ, ಪೂರ್ತಿ ಒಪ್ಪಲ್ಲ. ಆ ಕಾನೂನು ಎಲ್ಲಿಂದ ಬಂತು ಸರ್? ಭಾನುವಾರ ಅಂಗಡಿ ಮುಚ್ಚಬೇಕು ಅಂತ ಜನಕ್ಕೆ ಬೇಕಿತ್ತು ಅದಕ್ಕೇ ಬಂತು. ವಾಲ್‌ಮಾರ್ಟ್‌ನವರು ಸಹೋದ್ಯೋಗಿಗಳು ಪ್ರೀತಿ ಗೀತಿ ಮಾಡಬಾರದು, ಯಾರಾದ್ರೂ ತಪ್ಪು ಮಾಡಿದ್ರೆ ಚಾಡಿ ಹೇಳಬೇಕು ಅಂತೆಲ್ಲ ಇದ್ದ ನೀತಿಸಂಹಿತೆ ಹಂಚಿದ್ರು, 2005ರಲ್ಲಿ ಲೇಬರ್ ಕೋರ್ಟಲ್ಲಿ ಬಿದ್ದು ಹೋಯ್ತು. ನೆರೆಹೊರೆಯವರು ಒಬ್ಬರ ಮೇಲೊಬ್ಬರು ದೂರು ಕೊಡೋ ಕಾಲ ಎರಡೆರಡು ಸಲ ನೋಡಿದ ದೇಶ ಇದು, ನಾಜಿಗಳ ಕಾಲದಲ್ಲಿ ಒಮ್ಮೆ, ಪೂರ್ವ ಜರ್ಮನಿಯಲ್ಲಿ ಒಮ್ಮೆ. ಸಂಸ್ಕೃತಿ ಅಂದ್ರೆ ಬರೀ ನಗು ಅಲ್ಲ ಅನ್ನೋದು ಸರಿ. ಆದ್ರೆ ಸಂಸ್ಕೃತಿನೇ ಇಲ್ಲ ಅನ್ಬೇಡಿ.

ಲಾಲ್‌ಬಾಗ್_ನೇರಮಾತು
ಇಲ್ಲ ಅಂದಿಲ್ಲ ಶಾಮ್. ನಾಳೆ ಬೆಳಿಗ್ಗೆ ಮೇಲ್ ಹಾಕದೇ ಇರೋಕೆ ಅದನ್ನ ನೆಪ ಮಾಡ್ಕೋಬೇಡಿ ಅಂದೆ.

ಹಳೇ_ಬೆಂಗಳೂರು
ಓನರಿಗೆ ಇದನ್ನ ಹೇಳೋ ರೀತಿ ಇದೆಯಪ್ಪ. 'ಸರ್, ಅವರು ಹಿಂಗಂದ್ರು' ಅಂತ ಹೋಗ್ಬೇಡ. ಬೆಳಿಗ್ಗೆ ಪೂಜೆ ಆದ್ಮೇಲೆ, ಕಾಫಿ ಹೊತ್ತಲ್ಲಿ, ಒಬ್ಬರೇ ಇದ್ದಾಗ, 'ಸರ್, ಅವರಿಗೆ ನಮ್ಮ ಮಾಲು ಬೇಕು, ಅದಕ್ಕೇ ಇಷ್ಟು ಕೇಳ್ತಿದಾರೆ, ಬೇಡ ಅಂದಿದ್ರೆ ಬೇರೆಯವರ ಹತ್ರ ಹೋಗೋರು' ಅನ್ನು. ನಿಜಾನೂ ಹೌದು ಅದು.

ಕುಡ್ಲ_ಮೀನ್_ಗಸಿ
ನೆಮವಾಶಿ ಓನರಿನಿಂದಲೇ ಶುರು ಮಾಡಿ ಅಂತಿದ್ದಾರೆ ಇವರು.

ನಗೋಯಾ_ಅಕ್ಕ
ಮತ್ತೆ ರಜಾ ಪಟ್ಟಿ ಕಳಿಸು ತಮ್ಮಾ ಇಬ್ಬರಿಗೂ. ಆಯುಧ ಪೂಜೆ ದಿನ ಮಷೀನ್ ಮುಟ್ಟಲ್ಲ ಅಂತ ಅವರಿಗೆ ಹೆಂಗ್ ಗೊತ್ತಾಗುತ್ತೆ? ಇಲ್ಲಿ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಗೋಲ್ಡನ್ ವೀಕ್, ಆಗಸ್ಟ್ ಮಧ್ಯ ಓಬೋನ್, ಪಿತೃಪಕ್ಷದ ಥರ ಹಿರಿಯರನ್ನ ನೆನೆಯೋದು, ಆಗ ಯಾರೂ ಸಿಗಲ್ಲ.

ಸ್ಟುಟ್‌ಗಾರ್ಟ್_ಶಾಮ
ಹ್ಞಾ ಒಂದು ಮರೆತೆ. ಜರ್ಮನ್ ಮನೆಗೆ ಊಟಕ್ಕೆ ಹೋದಾಗ ಇನ್ನೂ ಸ್ವಲ್ಪ ಹಾಕ್ಲಾ ಅಂದ್ರು, ನಾನು ನಮ್ಮ ಪದ್ಧತಿಯಂತೆ ಬೇಡ ಬೇಡ ಅಂದೆ, ಪಾತ್ರೆ ಎತ್ತಿ ಒಳಗಿಟ್ಟುಬಿಟ್ರು. ಮೂರು ಸಲ ಕೇಳೋ ಜನ ಅಲ್ಲ. ಹಸ್ಕೊಂಡೇ ಮನೆಗೆ ಬಂದೆ, ಮ್ಯಾಗಿ.

ದಾವಣಗೆರೆ_ಬೆಣ್ಣೆ
ಒಗ್ಗರಣೆ ಹಾಕಿದ್ರಾ?

ಪೀಣ್ಯ_2ನೇ_ಹಂತ
ಒಂದೂವರೆ ತಿಂಗಳಾದ್ಮೇಲೆ ಬಂದಿದೀನಿ, ಕ್ಷಮಿಸಿ. ಎಲ್ರಿಗೂ ಥ್ಯಾಂಕ್ಸ್.

ಹಳೇ ಬೆಂಗಳೂರು ಸರ್ ಹೇಳಿದಂಗೇ ಕಾಫಿ ಹೊತ್ತಲ್ಲಿ ಮಾತಾಡಿದೆ. ಓನರ್ ಐದು ನಿಮಿಷ ಸುಮ್ನೆ ಇದ್ದು, 'ಪ್ಲೇಟಿಂಗ್‌ನವನ ಹೆಸರೂ ಬರಿ' ಅಂದ್ರು, ಅವರ ಪ್ರಕಾರ ಅದೇ ಸೇಡು. 9ನೇ ತಾರೀಕೇ ಗೊತ್ತಿತ್ತು, ತಿಳಿಸದೇ ಇದ್ದಿದ್ದು ನಮ್ಮ ತಪ್ಪು ಅಂತಾನೂ ಬರೆದೆ. ಅರ್ಧ ಗಂಟೇಲಿ ಉತ್ತರ ಬಂತು, ಎರಡೇ ಸಾಲು: 'ಧನ್ಯವಾದ. ಇದು ಉಪಯೋಗಕ್ಕೆ ಬಂತು.' ಕೆಳಗೆ ಮುಂದಿನ ಆರ್ಡರ್ ಡ್ರಾಯಿಂಗ್.

ಜಪಾನಿನವರು ಹೋದ ವಾರ ಬಂದು ಹೋದ್ರು. ಓನರ್ ಕಾರ್ಡ್ ಎರಡು ಕೈಯಲ್ಲೇ ತಗೊಂಡ್ರು, ಕಣ್ಣಿಗೊತ್ತಿಕೊಂಡ್ರು, ಆಮೇಲೆ ಗಣಪತಿ ಫೋಟೋ ಮುಂದೆ ಇಟ್ರು. ಅವರು ನಾಲ್ಕೂ ಜನ ಬಗ್ಗಿ ನಮಸ್ಕಾರ ಮಾಡಿದ್ರು, ಫೋಟೋಗೋ ಓನರಿಗೋ ಗೊತ್ತಾಗ್ಲಿಲ್ಲ. ಎರಡು ಗಂಟೆ ಮಷೀನ್ ಬಿಟ್ಟು ನೆಲ ನೋಡಿದ್ರು, ಎಲ್ಲಿ ಎಣ್ಣೆ ಸೋರಿದೆ, ಎಲ್ಲಿ ಲೋಹದ ಚೂರು ಬಿದ್ದಿದೆ ಅಂತ.

ಆಮೇಲೆ ಸ್ಯಾಂಪಲ್ ಎಷ್ಟು ದಿನಕ್ಕೆ ಕೊಡ್ತೀರ ಅಂದ್ರು. ನಾವು ಮೊದಲೇ ಲೆಕ್ಕ ಹಾಕಿದ್ವಿ, ಪ್ಲೇಟಿಂಗ್ ಸೇರಿಸಿ ಆರು ವಾರ. ಓನರ್ ಎದೆ ಉಬ್ಬಿಸಿ 'ಸಿಕ್ಸ್ ವೀಕ್ಸ್' ಅಂದ್ರು. ನೇರವಾಗಿ! ನಂಗೆ ಖುಷಿ. ಆ ಕಡೆ ದೊಡ್ಡವರು ಏನೂ ಮಾತಾಡ್ಲಿಲ್ಲ. ಡ್ರಾಯಿಂಗ್ ನೋಡ್ತಾ ಕೂತ್ರು. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಫ್ಯಾನ್ ಸದ್ದು ಬಿಟ್ರೆ ಏನಿಲ್ಲ. ನಾನು ಟೇಬಲ್ ಕೆಳಗೆ ಓನರ್ ಕಾಲು ತುಳಿಯೋ ಅಷ್ಟರಲ್ಲಿ ಅವರೇ 'ಫೈವ್, ಫೈವ್ ವೀಕ್ಸ್ ಆಲ್ಸೋ ಪಾಸಿಬಲ್' ಅಂದುಬಿಟ್ರು.

ನಗೋಯಾ_ಅಕ್ಕ
ಅಯ್ಯೋ!! ಅವರು ಯೋಚನೆ ಮಾಡ್ತಿದ್ರು ಅಷ್ಟೇ. ನಾನು ಹೇಳೋದು ಮರೆತೆ ಇದನ್ನ, ಮೌನ ಅವರಿಗೆ ಮಾತಿನ ಭಾಗ. ಇನ್ನೊಂದು ನಿಮಿಷ ಬಿಟ್ಟಿದ್ರೆ ನಾಲ್ಕಕ್ಕೆ ಇಳೀತಿದ್ರಲ್ಲ ನಿಮ್ಮ ಓನರ್.

ಮಂಡ್ಯ_ಕಬ್ಬು
ನಾನಾಗಿದ್ರೆ ಮಾರನೇ ದಿನಾನೇ ತಗೊಳಿ ಅಂದ್ಬಿಡ್ತಿದ್ದೆ, ಆ ಥರ ಸುಮ್ಕೆ ಕೂತ್ರೆ ಭಯ ಆಗುತ್ತೆ ಕಣಣ್ಣ

ಲಾಲ್‌ಬಾಗ್_ನೇರಮಾತು
ಐದು ವಾರಕ್ಕೆ ಆಗುತ್ತಾ? ಆಗಲ್ಲ ಅಂದ್ರೆ ಈಗ್ಲೇ ಬರೀರಿ.

ಪೀಣ್ಯ_2ನೇ_ಹಂತ
ಅದಕ್ಕೇ ಸರ್ ನಿನ್ನೇನೇ ಪ್ಲೇಟಿಂಗ್‌ನವರಿಗೆ ಫೋನ್ ಹಾಕಿ ತಾರೀಕು ಕೇಳಿದೆ, ಖಚಿತವಾಗಿ ಹೇಳಿ ಅಂತ. 'ನೋಡೋಣ ಬಿಡಣ್ಣ' ಅಂದ್ರು.

ಹುಬ್ಬಳ್ಳಿ_ಮಿರ್ಚಿ
ಮತ್ತ ಆರು ವಾರ ಅಂತ ಇವತ್ತ ಮೇಲ್ ಹಾಕ್ರಿ.

ಪೀಣ್ಯ_2ನೇ_ಹಂತ
ಟೈಪ್ ಮಾಡ್ತಿದೀನಿ ರೀ. ಓನರ್ ಹಿಂದೆ ನಿಂತು 'ಲೆವೆಲ್ ಬೆಸ್ಟ್ ಅಂತ ಸೇರ್ಸು' ಅಂತಿದಾರೆ.